ಮಲೆನಾಡಿನ ಬಚ್ಚಲಿಗೆ ಸೋಲಾರ್ ಸಾಕೇ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ತೋಟದ ಮನೆ, ಐದು ಜನ. ಬಚ್ಚಲೊಲೆಗೆ ಕಟ್ಟಿಗೆ ಒಟ್ಟಿ ಸಾಕಾಗಿದೆ. ಮಗ ಸೋಲಾರ್ ಹಾಕಿಸೋಣ ಅನ್ನುತ್ತಾನೆ, ಅತ್ತೆ ಹಂಡೆ ಕೀಳಬೇಡಿ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ಗೃಹಿಣಿ

ಉತ್ತರ: ಸೋಲಾರ್ ಹಾಕಿಸಿ ತಾಯಿ, ಹಂಡೆಯನ್ನೂ ಉಳಿಸಿಕೊಳ್ಳಿ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಸೀಮೆ ನಿಮ್ಮದು. ‘ಟ್ಯಾಂಕಿನೊಳಗೆ ಕರೆಂಟಿನ ಕಾಯಿಲ್ ಇದೆಯಲ್ಲ’ ಅಂತ ಅಂಗಡಿಯವರು ಹೇಳಿಯೇ ಹೇಳುತ್ತಾರೆ. 100 ಲೀಟರ್ ನೀರಿನ ಬಿಸಿ 25 ಡಿಗ್ರಿ ಏರಬೇಕಾದರೆ ಸುಮಾರು 3 ಯೂನಿಟ್ ಬೇಕು, ಅದನ್ನು ಅವರು ಹೇಳುವುದಿಲ್ಲ. ಗಾಳಿಯ ಶಾಖ ಹೀರುವ ಹೀಟ್ ಪಂಪ್‌ಗೆ ಅದರ ಮೂರನೇ ಒಂದು ಪಾಲು ಸಾಕು. ಆದರೆ ದುಬಾರಿ, ಮಳೆಗಾಲದ ನಿಮ್ಮ ವೋಲ್ಟೇಜ್ ನಂಬಿ ನಾನಂತೂ ಕೊಳ್ಳಲಾರೆ.

ಮೊದಲು ಒಲೆ ಸರಿಮಾಡಿಸಿ. ತೆರೆದ ಒಲೆಯಲ್ಲಿ ಕಾವಿನ ಬಹುಪಾಲು ಹೊಗೆಯ ಜೊತೆ ಹೊರಟುಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಕಟ್ಟಿಗೆ ಉಳಿಸುವ ‘ಅಸ್ತ್ರ ಒಲೆ’ ಕಟ್ಟಲು ಗೊತ್ತಿರುವ ಗಾರೆಯವರು ಸಿಕ್ಕರೆ ಒಳ್ಳೆಯದು. ತಳಕ್ಕೆ ಕಬ್ಬಿಣದ ಜಾಲರಿ, ಬಾಯಿಗೆ ಬಾಗಿಲು, ಹಿಂದೆ ಹೊಗೆಕೊಳವೆ. ಉರಿ ಹಂಡೆಯ ಸುತ್ತ ಸುತ್ತಿಕೊಂಡೇ ಹೊರಗೆ ಹೋಗಬೇಕು. ಒಣಗಿದ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆಯಲ್ಲೇ ನೀರು ಕಾಯುತ್ತದೆ.

ಐದು ಜನಕ್ಕೆ 200 ಲೀಟರಿನ ಸೋಲಾರ್ ಸಾಕು. ಅದರ ಪೈಪನ್ನು ಹಂಡೆಯ ತನಕ ಎಳೆಸಿ; ಮೋಡದ ದಿನದ ಉಗುರುಬೆಚ್ಚನೆಯ ನೀರಿಗೆ ನಾಲ್ಕು ಸಿಪ್ಪೆ ಉರಿಸಿದರಾಯಿತು. ಸೋಲಾರ್ ಫಲಕದ ಮುಖ ದಕ್ಷಿಣಕ್ಕಿರಲಿ, ಅಡಿಕೆ ಮರದ ನೆರಳು ಬೀಳದಿರಲಿ. ಹೆಂಚಿನ ಮೇಲೇ ಟ್ಯಾಂಕ್ ಕೂರಿಸುತ್ತೇನೆ ಅಂದವರಿಗೆ ಮಾತ್ರ ಕೆಲಸ ಕೊಡಬೇಡಿ.