ಕಬ್ಬಿನ ರಚ್ಚು, ಬಟ್ಟೆಚೂರು ಮತ್ತು ದ್ರವರೂಪದ ಉಪ್ಪು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಅಡುಗೆ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು ಎಂದು ಪಾಠ ಮಾಡುತ್ತೇವೆ. ಹಾಗಿದ್ದರೆ ಅಯಾನಿಕ್ ದ್ರವ ಎಂದರೇನು? ತರಗತಿಯಲ್ಲಿ ಮಕ್ಕಳಿಗೆ ತೋರಿಸುವಂಥದ್ದು ಏನಾದರೂ ಇದೆಯೇ? – ಪಿಯು ಉಪನ್ಯಾಸಕರು, ಮದ್ದೂರು

ಉತ್ತರ: ಉಪ್ಪಿನಲ್ಲಿರುವ ಸೋಡಿಯಂ, ಕ್ಲೋರೈಡ್ ಎರಡೂ ಪುಟ್ಟ, ದುಂಡನೆಯ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು. ಒತ್ತೊತ್ತಾಗಿ ಕೂತು ಗಟ್ಟಿ ಹರಳಾಗುತ್ತವೆ. ಒಂದು ಅಯಾನು ದೊಡ್ಡದಾಗಿ, ಸೊಟ್ಟಪಟ್ಟ ಆಕಾರದ್ದಾಗಿದ್ದರೆ ಆ ಜೋಡಣೆ ಕೂಡಿಬರುವುದಿಲ್ಲ, ಕಡಿಮೆ ಶಾಖಕ್ಕೇ ಸಡಿಲವಾಗುತ್ತದೆ. ಹೀಗೆ 100 ಡಿಗ್ರಿಯೊಳಗೆ ದ್ರವವಾಗುವ ಲವಣಗಳೇ ಅಯಾನಿಕ್ ದ್ರವಗಳು. ಸುಮಾರು 12 ಡಿಗ್ರಿಗೆ ಕರಗುವ ಈಥೈಲ್ ಅಮೋನಿಯಂ ನೈಟ್ರೇಟ್ ಬಗ್ಗೆ ಪಾಲ್ ವಾಲ್ಡನ್ 1914ರಲ್ಲೇ ಬರೆದಿದ್ದರು. ಅದು ನೈಟ್ರೇಟ್ ಲವಣವಾದ್ದರಿಂದ ತರಗತಿಗೆ ಬೇಡ.

ತೋರಿಸಲು ಅದರ ದಾಯಾದಿಯೊಂದಿದೆ, ಡೀಪ್ ಯುಟೆಕ್ಟಿಕ್ ದ್ರಾವಕ: ಬಿಡಿ ಪದಾರ್ಥಗಳಿಗಿಂತ ತೀರಾ ಕಡಿಮೆ ಶಾಖಕ್ಕೆ ಕರಗುವ ಮಿಶ್ರಣ. 14 ಗ್ರಾಂ ಕೋಲೀನ್ ಕ್ಲೋರೈಡ್, 12 ಗ್ರಾಂ ಯೂರಿಯಾ, ಎರಡೂ ಒಣ ಬಿಳಿಪುಡಿ. ಬೀಕರಿನಲ್ಲಿ ಬೆರೆಸಿ 80 ಡಿಗ್ರಿಯಲ್ಲಿ ಗಾಜಿನ ಕಡ್ಡಿಯಿಂದ ಕಲಕುತ್ತಿರಿ. ಮೊದಲು ಅಂಚು ಒದ್ದೆಯಾದಂತೆ ಕಾಣುತ್ತದೆ, ಆಮೇಲೆ ಪುಡಿ ಅಂಟಂಟಾಗುತ್ತದೆ, ಕೊನೆಗೆ ಒಂದು ಹನಿ ನೀರೂ ಹಾಕದೆ ತಿಳಿಯಾದ ಮಂದ ದ್ರವ ಉಳಿಯುತ್ತದೆ. ಯೂರಿಯಾ ಒಂದೇ ಆದರೆ ಕರಗುವುದು 133 ಡಿಗ್ರಿಗೆ, ಕೋಲೀನ್ ಕ್ಲೋರೈಡ್ 302ಕ್ಕೆ. ಈ ಮಿಶ್ರಣದ ಕರಗುವ ಬಿಂದು 12 ಡಿಗ್ರಿ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಂಡ್ರ್ಯೂ ಆಬಟ್ ತಂಡ 2003ರಲ್ಲಿ ಇದನ್ನು ಪ್ರಕಟಿಸಿತು. ಶಾಖ ಏರಿಸಿದರೆ ಯೂರಿಯಾ ಒಡೆದು ಅಮೋನಿಯಾ ವಾಸನೆ ಬರುತ್ತದೆ. ಕೋಲೀನ್ ಕ್ಲೋರೈಡ್ ಗಾಳಿಯ ತೇವ ಹೀರಿ ತಾನೇ ನೀರಾಗುವ ಪದಾರ್ಥ, ಡಬ್ಬಿ ಬಿಚ್ಚಿಟ್ಟು ಪಾಠ ಮಾಡಿದರೆ ಪ್ರಯೋಗ ಸುಳ್ಳು ಹೇಳುತ್ತದೆ.

ಪ್ರಶ್ನೆ: ಕೋಲೀನ್ ಕ್ಲೋರೈಡ್–ಲ್ಯಾಕ್ಟಿಕ್ ಆಮ್ಲದ ಡೀಪ್ ಯುಟೆಕ್ಟಿಕ್ ದ್ರಾವಕದಲ್ಲಿ ಕಬ್ಬಿನ ರಚ್ಚು (ರಸ ಹಿಂಡಿ ಉಳಿದ ಸಿಪ್ಪೆ) ಬೇಯಿಸಿ, ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ತೆಗೆಯಲು ಹೊರಟೆ. ಬೆಂದ ಮೇಲೆ ನೀರು ಸುರಿದೆ. ಕಂದು ರಾಡಿಯಾಯಿತು, ಫಿಲ್ಟರ್ ಕಾಗದ ಕಟ್ಟಿಕೊಂಡಿತು. ಎಲ್ಲಿ ತಪ್ಪಿದೆ? – ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ತಪ್ಪಿದ್ದು ನೀರು ಸುರಿದ ಗಳಿಗೆಯಲ್ಲಿ. ದ್ರಾವಕದಲ್ಲಿ ಕರಗಿದ ಲಿಗ್ನಿನ್‌ಗೆ ನೀರು ಕಂಡರಾಗದು. ನೀರು ಬಿದ್ದೊಡನೆ ಸಣ್ಣ ಕಣಗಳಾಗಿ ಹೊರಬಂದು, ನೀವು ಬಿಡಿಸಿಕೊಂಡ ನಾರಿನ ಮೇಲೇ ಮತ್ತೆ ಕೂರುತ್ತದೆ. ನಾರನ್ನು ಮೊದಲು ಸೋಸಿ ಬೇರೆ ಮಾಡಬೇಕು, ನೀರಿನ ಕೆಲಸ ಆಮೇಲೆ.

ಮೊದಲಿಂದ ಹೇಳುತ್ತೇವೆ. ರಚ್ಚನ್ನು ಬಿಸಿನೀರಲ್ಲಿ ತೊಳೆಯಿರಿ. ಉಳಿದ ಸಕ್ಕರೆ ಆಮ್ಲದಲ್ಲಿ ಕಪ್ಪಾಗಿ ಲೆಕ್ಕ ಕೆಡಿಸುತ್ತದೆ. ಒಣಗಿಸಿ 1–2 ಮಿ.ಮೀ. ಚೂರು ಮಾಡಿ. ಹಿಟ್ಟಿನಂತೆ ನುಣ್ಣಗೆ ಬೀಸಬೇಡಿ, ಸೋಸುವಾಗ ಅದೇ ಫಿಲ್ಟರ್ ಕಟ್ಟಿಸುತ್ತದೆ. ಒಂದು ಮೋಲ್, ಅಂದರೆ 139.6 ಗ್ರಾಂ ಕೋಲೀನ್ ಕ್ಲೋರೈಡ್‌ಗೆ ಎರಡು ಮೋಲ್ ಲ್ಯಾಕ್ಟಿಕ್ ಆಮ್ಲ ಬೇಕು. ಬಾಟಲಿಯ ಮೇಲೆ 88 ಶೇಕಡಾ ಎಂದಿದ್ದರೆ ತೂಗಬೇಕಾದ್ದು 180 ಅಲ್ಲ, 205 ಗ್ರಾಂ. 60ರಿಂದ 80 ಡಿಗ್ರಿಯಲ್ಲಿ ತಿಳಿಯಾಗುವವರೆಗೆ ಕಲಕಿ. ಇದರಲ್ಲಿ 150 ಗ್ರಾಂಗೆ 10 ಗ್ರಾಂ ರಚ್ಚು ಹಾಕಿ, ಎಣ್ಣೆಸ್ನಾನದಲ್ಲಿ 120 ಡಿಗ್ರಿ, ಮುಚ್ಚಿದ ಫ್ಲಾಸ್ಕ್, 6 ಗಂಟೆ.

ಹೀಟರ್ ಆರಿಸಿ, 60 ಡಿಗ್ರಿಗಿಂತ ಕೆಳಗೆ ಇಳಿಯಲು ಬಿಡಿ. ಈಗ ಹಾಕಬೇಕಾದ್ದು ಬರೀ ನೀರಲ್ಲ, ಎಥನಾಲ್ ಮತ್ತು ನೀರು ಸಮಸಮ ಬೆರೆಸಿದ 150 ಮಿ.ಲೀ. ಲಿಗ್ನಿನ್ ಕರಗಿಯೇ ಇರುತ್ತದೆ, ದ್ರವ ತೆಳುವಾಗುತ್ತದೆ, ನಾರು ಸಲೀಸಾಗಿ ಸೋಸಿಬರುತ್ತದೆ. ತೊಳೆದ ದ್ರವ ಬಣ್ಣ ಬಿಡುವುದು ನಿಲ್ಲುವವರೆಗೆ ಅದೇ ಮಿಶ್ರಣದಲ್ಲೇ ತೊಳೆಯಿರಿ. ಸೋಸಿದ ದ್ರವದಿಂದ ರೋಟರಿ ಇವಾಪೊರೇಟರ್‌ನಲ್ಲಿ (ಕಡಿಮೆ ಒತ್ತಡದಲ್ಲಿ ಆವಿ ಮಾಡುವ ಉಪಕರಣ) ಎಥನಾಲ್ ತೆಗೆದ ಮೇಲೆ ನೀರು ಸೇರಿಸಿ, ರಾತ್ರಿಯಿಡೀ ಬಿಡಿ. ಲಿಗ್ನಿನ್ ತಳದಲ್ಲಿ ಕೂರುತ್ತದೆ.

ನೀರೆಷ್ಟು? ಹತ್ತುಪಟ್ಟು ಸುರಿಯುವುದು ರೂಢಿ. ಆದರೆ 150 ಗ್ರಾಂ ದ್ರಾವಕಕ್ಕೆ ಒಂದೂವರೆ ಲೀಟರ್ ನೀರೆಂದರೆ, ಅದನ್ನು ಮತ್ತೆ ಆವಿ ಮಾಡಲು ಹೆಚ್ಚುಕಡಿಮೆ 1 ಯೂನಿಟ್ ವಿದ್ಯುತ್ ಬೇಕು, ಅದೂ ಹತ್ತು ಗ್ರಾಂ ರಚ್ಚಿಗೆ! ಮೂರುಪಟ್ಟಿನಿಂದ ಶುರುಮಾಡಿ. ಮೇಲಿನ ತಿಳಿಯಿಂದ ಒಂದು ಚಮಚ ತೆಗೆದು ಬೇರೆ ಲೋಟದ ನೀರಿಗೆ ಬಿಡಿ. ಹಾಲಿನಂತೆ ಕದಡಿದರೆ ಮಾತ್ರ ಇನ್ನಷ್ಟು ನೀರು ಸೇರಿಸಿ.

ಮರಳಿ ಸಿಕ್ಕ ದ್ರಾವಕವನ್ನು ತೂಗಿ ‘98 ಶೇಕಡಾ ವಾಪಸ್’ ಎಂದು ಬರೆಯಬೇಡಿ. ಆ ತೂಕದಲ್ಲಿ ನೀರು, ಸಕ್ಕರೆ, ಚೂರು ಲಿಗ್ನಿನ್ ಎಲ್ಲವೂ ಸೇರಿರುತ್ತದೆ. ಸಿಲ್ವರ್ ನೈಟ್ರೇಟ್ ಟೈಟ್ರೇಶನ್‌ನಿಂದ ಕ್ಲೋರೈಡ್ ಅಳೆದು ಲೆಕ್ಕ ಹಾಕಿ. ಈ ಟೈಟ್ರೇಶನ್‌ನ ಒಂದು ಬಗೆಯಾದ ಮೋರ್ ವಿಧಾನ ಆಮ್ಲದಲ್ಲಿ ಕೈಕೊಡುತ್ತದೆ, ಮೊದಲು ಸೋಡಾಪುಡಿಯಿಂದ ಆಮ್ಲ ಕಳೆಯಬೇಕು. ಇನ್ನೊಂದು ಮಾತು: ಬಿಸಿಯಲ್ಲಿ ಲ್ಯಾಕ್ಟಿಕ್ ಆಮ್ಲ ಕೋಲೀನ್ ಜತೆ ಕೂಡಿ ನಿಧಾನವಾಗಿ ಎಸ್ಟರ್ ಎಂಬ ಬೇರೆಯದೇ ಪದಾರ್ಥವಾಗುತ್ತದೆ. ಮರುಬಳಕೆಯಲ್ಲಿ ಶಕ್ತಿ ಕುಂದಿದರೆ ರಚ್ಚಿನ ಮೇಲೆ ತಪ್ಪು ಹೊರಿಸುವ ಮುನ್ನ ಇದನ್ನು ನೋಡಿ.

ಪ್ರಶ್ನೆ: ನಮ್ಮ ಆಲೆಮನೆಯ ರಚ್ಚನ್ನು ಹೀಗೆ ಸಂಸ್ಕರಿಸಿ ಮಾರಬಹುದೇ? ಕೋಳಿ ಆಹಾರಕ್ಕೆ ಹಾಕುವ ಕೋಲೀನ್ ಕ್ಲೋರೈಡ್ ಅಗ್ಗವಾಗಿ ಸಿಗುತ್ತದೆ. – ಆಲೆಮನೆ ಮಾಲೀಕರು, ಪಾಂಡವಪುರ

ಉತ್ತರ: ಈಗ ಬೇಡ ಎಂದೇ ಹೇಳುತ್ತೇವೆ. ಒಂದು ಟನ್ ಒಣ ರಚ್ಚಿಗೆ ಹತ್ತು ಟನ್ ದ್ರಾವಕ ಬೇಕು ಎಂದಿಟ್ಟುಕೊಳ್ಳಿ. ನೂರಕ್ಕೆ 99 ಭಾಗ ಮರಳಿ ಹಿಡಿದರೂ ಪ್ರತಿ ಟನ್ನಿಗೆ 100 ಕಿಲೋ ದ್ರಾವಕ ಕೈಬಿಡುತ್ತದೆ. 90 ಭಾಗವಷ್ಟೇ ಹಿಡಿದರೆ ರಚ್ಚಿನಷ್ಟೇ ತೂಕದ ದ್ರಾವಕ ಮಣ್ಣುಪಾಲು. ಅಷ್ಟು ಬಿಗಿಯಾಗಿ ಹಿಡಿಯುವ ಯಂತ್ರ ಆಲೆಮನೆಯ ಅಳತೆಗೆ ಬರುವುದಿಲ್ಲ. ಗಾಣದಿಂದ ಬಂದ ಹಸಿ ರಚ್ಚಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ, ಒಣಗಿಸುವ ಖರ್ಚು ಬೇರೆ. ಅಲ್ಲದೆ ಕೊಪ್ಪರಿಗೆಯ ಒಲೆಗೆ ರಚ್ಚೇ ಆಧಾರ. ಅದನ್ನು ಮಾರಿ ಸೌದೆ ಕೊಂಡರೆ ಕಾಡಿಗೂ ನಷ್ಟ, ನಿಮಗೂ ನಷ್ಟ. ಒಲೆಗೆ ಹಾಕಿ ಮಿಕ್ಕಿದ್ದರೆ ಅಣಬೆ ಬೆಳೆಯುವವರಿಗೆ, ಕಾಗದ–ರಟ್ಟು ಮಾಡುವವರಿಗೆ ಕೊಡಿ.

ಕೋಳಿ ಆಹಾರದ ಪುಡಿಯ ಬಗ್ಗೆ: 60 ಶೇಕಡಾ ಎಂದು ಬರುವುದು ಸಾಮಾನ್ಯವಾಗಿ ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆದಿಂಡಿನ ಪುಡಿಗೆ ಹೀರಿಸಿದ್ದು. ಬಿಸಿ ಮಾಡಿದರೆ ಆ ಪುಡಿಯೂ ಬೆಂದು ರಚ್ಚಿನ ಜತೆ ಸೇರುತ್ತದೆ. ಪ್ರಯೋಗಕ್ಕೆ ಬೇಕಾದ್ದು 98 ಶೇಕಡಾ ಹರಳು.

ಪ್ರಶ್ನೆ: ಗಾರ್ಮೆಂಟ್ಸ್ ಕಟಿಂಗ್ ಚೂರು ಸಂಗ್ರಹಿಸುತ್ತೇನೆ. ಹತ್ತಿ–ಪಾಲಿಯೆಸ್ಟರ್ ಬೆರೆತದ್ದಕ್ಕೆ ಬೆಲೆಯೇ ಇಲ್ಲ. ಅಯಾನಿಕ್ ದ್ರವ ಇವೆರಡನ್ನು ಬೇರ್ಪಡಿಸುತ್ತದಂತೆ, ನಿಜವೇ? – ಮಂಡ್ಯ

ಉತ್ತರ: ನಿಜ, ಮತ್ತು ಈ ದ್ರವಗಳ ಅತ್ಯಂತ ಭರವಸೆಯ ಉಪಯೋಗ ಇದೇ ಎಂಬುದು ನಮ್ಮ ಅಭಿಪ್ರಾಯ. ಹತ್ತಿ ನಾರಿನ ಮುಖ್ಯ ಪದಾರ್ಥವಾದ ಸೆಲ್ಯುಲೋಸ್ ಇಂಥ ಲವಣಗಳಲ್ಲಿ ಕರಗುತ್ತದೆಂದು 2002ರಲ್ಲಿ ಅಮೆರಿಕದ ರಾಬಿನ್ ರಾಜರ್ಸ್ ತಂಡ ತೋರಿಸಿತು. 1-ಈಥೈಲ್-3-ಮೀಥೈಲ್ ಇಮಿಡಜೋಲಿಯಂ ಅಸಿಟೇಟ್ ಎಂಬ ಅಯಾನಿಕ್ ದ್ರವದಲ್ಲಿ 80ರಿಂದ 100 ಡಿಗ್ರಿಗೆ ಹತ್ತಿ ಕರಗುತ್ತದೆ, ಪಾಲಿಯೆಸ್ಟರ್ ನೂಲು ನೂಲಾಗಿಯೇ ಉಳಿಯುತ್ತದೆ. ಬಿಸಿಯಿರುವಾಗಲೇ ಸೋಸಿ, ದ್ರವವನ್ನು ನೀರಿಗೆ ಬಿಟ್ಟರೆ ಸೆಲ್ಯುಲೋಸ್ ಮತ್ತೆ ಗಟ್ಟಿಯಾಗುತ್ತದೆ. ಫಿನ್ಲೆಂಡಿನ ಆಲ್ಟೊ ಮತ್ತು ಹೆಲ್ಸಿಂಕಿ ವಿಶ್ವವಿದ್ಯಾಲಯಗಳ ಐಯಾನ್‌ಸೆಲ್ ವಿಧಾನದಲ್ಲಿ, ಬೇರೊಂದು ಅಯಾನಿಕ್ ದ್ರವ ಬಳಸಿ, ಹಳೆ ಹತ್ತಿಬಟ್ಟೆಯಿಂದ ಹೊಸ ನೂಲು ತೆಗೆಯುತ್ತಾರೆ.

ಕೆಡುವುದು ಹೆಚ್ಚಾಗಿ ತೇವದಿಂದ. ಒಣಗಿದಂತೆ ಕಾಣುವ ಹತ್ತಿಯಲ್ಲೂ ನೂರಕ್ಕೆ 7–8 ಭಾಗ ನೀರಿರುತ್ತದೆ. 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸದಿದ್ದರೆ ಕರಗದೆ ಬರೀ ಉಬ್ಬುತ್ತದೆ. ದ್ರಾವಕದ ತೂಕದ ಶೇಕಡಾ 5ಕ್ಕಿಂತ ಹೆಚ್ಚು ಹತ್ತಿಯನ್ನು ಮೊದಲೇ ಹಾಕಬೇಡಿ, ಅಂಬಲಿಯಂತಿರಬೇಕಾದ್ದು ಮುದ್ದೆಯಾಗಿ ಸೋಸಲಾಗದು. ನಾರಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣ ಹತ್ತಿಯನ್ನು ಬಿಡುವುದಿಲ್ಲ. ನಿಮ್ಮ ಮಟ್ಟದಲ್ಲಿ ಇವತ್ತೇ ಆಗುವ ಕೆಲಸ ವಿಂಗಡಣೆ: ಲೈಕ್ರಾ (ಹಿಗ್ಗುವ ನೂಲು) ಇರುವುದನ್ನು, ಗುಂಡಿ–ಜಿಪ್ ಇರುವುದನ್ನು ಬೇರೆ ತೆಗೆಯಿರಿ, ಬಣ್ಣವಾರು ಚೀಲ ಕಟ್ಟಿ. ಅನುಮಾನವಿದ್ದರೆ ಒಂದು ಎಳೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಪುಡಿಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಕಂಡರೆ ಅದು ಬೆರಕೆ.

ಪ್ರಶ್ನೆ: ಅಯಾನಿಕ್ ದ್ರವ ಆವಿಯಾಗುವುದಿಲ್ಲ, ಆದ್ದರಿಂದ ಸಿಂಕ್‌ಗೆ ಸುರಿದರೂ ತೊಂದರೆಯಿಲ್ಲ ಎನ್ನುತ್ತಾರೆ. ಸರಿಯೇ? – ಲ್ಯಾಬ್ ಸಹಾಯಕರು, ಮೈಸೂರು

ಉತ್ತರ: ಖಂಡಿತ ಸರಿಯಲ್ಲ. ಆವಿಯಾಗದಿರುವುದರಿಂದ ಉಸಿರಿಗೆ ಅಪಾಯ ಕಡಿಮೆ, ಅಷ್ಟೇ. ಇಮಿಡಜೋಲಿಯಂ ಲವಣಗಳಲ್ಲಿ ಇಂಗಾಲದ ಬಾಲ ಉದ್ದವಾದಷ್ಟೂ ನೀರಿನ ಜೀವಿಗಳಿಗೆ ವಿಷ ಹೆಚ್ಚು. ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಫ್ಲೋರಿನ್‌ಯುಕ್ತ ಅಯಾನು ಇರುವವು ನೀರು ಮತ್ತು ಶಾಖ ಸೇರಿದರೆ ಹೈಡ್ರೋಫ್ಲೋರಿಕ್ ಆಮ್ಲ ಬಿಡುತ್ತವೆ. ಅದು ಗಾಜನ್ನೂ ತಿನ್ನುತ್ತದೆ, ಮೂಳೆಯವರೆಗೂ ಇಳಿಯುತ್ತದೆ. ಕೋಲೀನ್ ಬಗೆಯವು ಮಣ್ಣಲ್ಲಿ ಕೊಳೆಯುತ್ತವಾದರೂ, ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತವೆ. ಹ್ಯಾಲೋಜನ್ (ಕ್ಲೋರಿನ್, ಫ್ಲೋರಿನ್‌ನಂಥವು) ಇರುವುದು, ಇಲ್ಲದ್ದು ಎಂದು ಎರಡು ಕ್ಯಾನ್ ಇಡಿ. ಫ್ಲೋರಿನ್ ಇರುವುದನ್ನು ಪ್ಲಾಸ್ಟಿಕ್ ಕ್ಯಾನಿನಲ್ಲೇ ಇಡಿ. ಮೊದಲ ಸಲ ತೊಳೆದ ನೀರೂ ಕ್ಯಾನಿಗೇ ಹೋಗಲಿ. ಹೆಸರು, ತಾರೀಖು, ಅಂದಾಜು ಲೀಟರ್ ಬರೆದು ಅಂಟಿಸಿ, ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರಿಗೇ ಕೊಡಿ.