ಒಳಭಾಗದ ಬಣ್ಣ ಸುಲಿದ ಹಳೆಯ ಕಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯಲ್ಲಿ 2006ರಲ್ಲಿ ಕೊಂಡ ಕಾರು ಇದೆ. ಎಂಜಿನ್ ಇಂದಿಗೂ ಚೆನ್ನಾಗಿದೆ. ಆದರೆ ಡ್ಯಾಶ್‌ಬೋರ್ಡಿನ ನಡುವಿನ ಬೆಳ್ಳಿ ಬಣ್ಣದ ಚೌಕಟ್ಟು, ಗೇರಿನ ಸುತ್ತಲಿನ ಪಟ್ಟಿ ಮತ್ತು ಬಾಗಿಲಿನ ಒಳಹಿಡಿಗಳಲ್ಲಿ ಬಣ್ಣ ಸವೆದು ಕೆಳಗಿನ ಕಪ್ಪು ಪ್ಲಾಸ್ಟಿಕ್ ಕಾಣಿಸುತ್ತಿದೆ. ಸ್ಪ್ರೇ ಡಬ್ಬಿ ತಂದು ಒಂದು ಹಿಡಿಗೆ ನಾನೇ ಬಣ್ಣ ಹೊಡೆದೆ. ಎರಡೇ ತಿಂಗಳಲ್ಲಿ ಉಗುರು ತಾಗಿದಲ್ಲೆಲ್ಲ ಸಿಪ್ಪೆಯಂತೆ ಎದ್ದುಬಂತು. ತಪ್ಪಿದ್ದೆಲ್ಲಿ? ಇದನ್ನು ಮನೆಯಲ್ಲಿ ಮಾಡಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಖಂಡಿತ ಮಾಡಬಹುದು. ಬಣ್ಣ ಸಿಪ್ಪೆಯಂತೆ ಎದ್ದುಬಂದಿದೆ ಎಂದರೆ ಅದು ಪ್ಲಾಸ್ಟಿಕ್ಕನ್ನು ಹಿಡಿದುಕೊಳ್ಳಲೇ ಇಲ್ಲ ಎಂದರ್ಥ. ದೋಷ ಡಬ್ಬಿಯೊಳಗಿನ ಬಣ್ಣದ್ದಲ್ಲ; ಬಣ್ಣಕ್ಕೆ ಮುಂಚೆ ಆಗಬೇಕಿದ್ದ ಕೆಲಸ ಉಳಿದುಹೋಗಿದೆ.

ಮೊದಲು ಆ ಹಿಡಿಯನ್ನು ಬಿಚ್ಚಿ ಅದರ ಬೆನ್ನನ್ನು ನೋಡಿ. ಅಲ್ಲಿ ಅಚ್ಚಿನಲ್ಲೇ ಮೂಡಿರುವ ಪುಟ್ಟ ಅಕ್ಷರಗಳು ಸಾಮಾನ್ಯವಾಗಿ ಇರುತ್ತವೆ. ಎಬಿಎಸ್ ಎಂದಿದ್ದರೆ ನಿಮ್ಮ ಕೆಲಸ ಸುಲಭ, ಏಕೆಂದರೆ ಆ ಪ್ಲಾಸ್ಟಿಕ್ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಪಿಪಿ ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಕೆಸುವಿನ ಎಲೆಯ ಮೇಲೆ ನೀರು ಹರಡದೆ ಹನಿಯಾಗಿ ಉರುಳುವಂತೆ ಇದರ ಮೇಲೆ ಬಣ್ಣವೂ ನೆಲೆ ನಿಲ್ಲುವುದಿಲ್ಲ. ಅಕ್ಷರ ಕಾಣದಿದ್ದರೆ ತುಂಡನ್ನು ನೀರಿಗೆ ಹಾಕಿ ನೋಡುವ ರೂಢಿಯಿದೆ. ತೇಲಿದರೆ ಅದು ಪಿಪಿ ಜಾತಿಯದೆಂದು ನಂಬಬಹುದು. ಆದರೆ ಮುಳುಗಿದ ಮಾತ್ರಕ್ಕೆ ಎಬಿಎಸ್ ಎಂದು ತೀರ್ಮಾನಿಸಬೇಡಿ, ಏಕೆಂದರೆ ಕಾರಿನ ಭಾಗಗಳಲ್ಲಿ ಪಿಪಿಗೆ ಟಾಲ್ಕ್ ಎಂಬ ಖನಿಜದ ಪುಡಿಯನ್ನು ಬೆರೆಸಿರುವುದುಂಟು. ಶೇಕಡಾ 20ರಷ್ಟು ಬೆರೆತರೆ ಪಿಪಿಯೂ ಮುಳುಗುತ್ತದೆ. ಬೆನ್ನಿನ ಮೇಲೆ ಪಿಪಿ-ಟಿ20 ಎಂದು ಬರೆದಿರುವುದರ ಅರ್ಥ ಅದೇ. ಅನುಮಾನ ಉಳಿದರೆ ಪಿಪಿ ಎಂದೇ ಭಾವಿಸಿ ಮುಂದುವರಿಯುವುದು ಕ್ಷೇಮ. ಪಿಪಿಗೆ ಮಾಮೂಲಿ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ) ಸಾಲದು; ಪೇಂಟ್ ಅಂಗಡಿಯಲ್ಲಿ ಬಂಪರ್‌ಗೆ ಬಳಸುವ ಪ್ಲಾಸ್ಟಿಕ್ ಪ್ರೈಮರನ್ನೇ ಕೇಳಿ ಪಡೆಯಿರಿ.

ಇನ್ನು ಶುಚಿಗೊಳಿಸುವ ವಿಷಯ. ನನ್ನ ಮಟ್ಟಿಗೆ ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ಡ್ಯಾಶ್‌ಬೋರ್ಡ್ ಹೊಳೆಯಲೆಂದು ವರ್ಷಗಟ್ಟಲೆ ಸವರಿದ ಪಾಲಿಶ್‌ಗಳಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಕಣ್ಣಿಗೆ ಕಾಣದಿದ್ದರೂ ಅದು ಪ್ಲಾಸ್ಟಿಕ್ಕಿನ ಸಣ್ಣ ಗೆರೆಗಳಲ್ಲಿ ಕುಳಿತಿರುತ್ತದೆ. ನನ್ನ ಹಳೆಯ ಕಾರಿನ ಎಸಿ ಗ್ರಿಲ್ಲಿಗೆ ಒಮ್ಮೆ ಬಟ್ಟೆಯಿಂದ ಒರೆಸಿದ್ದಷ್ಟರಲ್ಲೇ ಬಣ್ಣ ಹೊಡೆದಿದ್ದೆ. ಹಸಿ ಬಣ್ಣ ನೋಡನೋಡುತ್ತಿದ್ದಂತೆ ಅಲ್ಲಲ್ಲಿ ಹಿಂದೆ ಸರಿದು, ಸಾಸಿವೆ ಕಾಳಿನಷ್ಟು ದುಂಡಗಿನ ಕುಳಿಗಳಾದವು, ಪ್ರತಿ ಕುಳಿಯ ನಡುವೆ ಹಳೆಯ ಪ್ಲಾಸ್ಟಿಕ್ ಇಣುಕುತ್ತಿತ್ತು. ಪೇಂಟರ್‌ಗಳು ಇದನ್ನು ಫಿಶ್ ಐ ಎನ್ನುತ್ತಾರೆ. ಅದರ ಮೇಲೆ ಮತ್ತೆ ಬಣ್ಣ ಹೊಡೆದು ಮುಚ್ಚಲು ಬರುವುದಿಲ್ಲ. ಎಲ್ಲವನ್ನೂ ಉಜ್ಜಿ ತೆಗೆದು ಮೊದಲಿನಿಂದ ಶುರುಮಾಡಬೇಕಾಯಿತು.

ಆದ್ದರಿಂದ ಭಾಗಗಳನ್ನು ಪಾತ್ರೆ ತೊಳೆಯುವ ದ್ರವ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎರಡು ಸಲ ತಿಕ್ಕಿ ತೊಳೆಯಿರಿ. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ (ಜಿಡ್ಡು ತೆಗೆದು ಬೇಗ ಆರುವ ದ್ರಾವಕ) ಹಚ್ಚಿದ ಬಟ್ಟೆಯಿಂದ ಒರೆಸಿ, ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲನ್ನು ಬಳಸಿ. ಬಳಿಕ ಎದ್ದಿರುವ ಹಳೆಯ ಬಣ್ಣವನ್ನು 400 ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿ, ಬಣ್ಣವಿರುವ ಜಾಗಕ್ಕೂ ಇಲ್ಲದ ಜಾಗಕ್ಕೂ ನಡುವಿನ ಅಂಚು ಬೆರಳಿಗೆ ತಾಗದಂತೆ ಮಾಡಿ, 800 ನಂಬರಿನಿಂದ ನಯಗೊಳಿಸಿ. ಚರ್ಮದಂಥ ಗೆರೆಗಳಿರುವ ಭಾಗಗಳಿಗೆ ಮಾತ್ರ ಪೇಪರ್ ಬೇಡ, ಗೆರೆಗಳೇ ಅಳಿಸಿಹೋಗುತ್ತವೆ. ಅಲ್ಲಿ ಪಾತ್ರೆ ತಿಕ್ಕುವ ಹಸಿರು ನಾರು ಸಾಕು. ಉಜ್ಜಿದ ಮೇಲೆ ಇನ್ನೊಮ್ಮೆ ಆಲ್ಕೋಹಾಲ್‌ನಿಂದ ಒರೆಸಿ, ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ.

ಬಿಚ್ಚುವಾಗ ಸ್ಕ್ರೂಡ್ರೈವರ್ ತೂರಿಸಿ ಮೀಟದಿರಿ. ಹಳೆಯ ಪ್ಲಾಸ್ಟಿಕ್ ಕ್ಲಿಪ್‌ಗಳು ಗಡುಸಾಗಿ ಪಟಕ್ಕನೆ ಮುರಿಯುತ್ತವೆ. ಕಾರನ್ನು ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿದರೆ ಅವು ಸ್ವಲ್ಪ ಮೆತ್ತಗಾಗುತ್ತವೆ. ಆಗ ಬಳಕೆ ಮುಗಿದ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ಸಂದಿಯಲ್ಲಿ ನಿಧಾನವಾಗಿ ಸರಿಸಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಮರುಜೋಡಣೆಯ ಹೊತ್ತಿಗೆ ತಬ್ಬಿಬ್ಬಾಗುವುದಿಲ್ಲ.

ಮೊದಲು ಪ್ರೈಮರ್ ಹೊಡೆದು ಒಣಗಲು ಬಿಡಿ. ಬಣ್ಣ ಹೊಡೆಯುವಾಗ ಡಬ್ಬಿ ಸುಮಾರು 20ರಿಂದ 25 ಸೆಂಟಿಮೀಟರ್ ದೂರವಿರಲಿ. ಮೊದಲ ಕೋಟ್ ಕೆಳಗಿನ ಪ್ರೈಮರ್ ಇನ್ನೂ ಕಾಣುವಷ್ಟು ತೆಳುವಾಗಿದ್ದರೆ ಅದೇ ಸರಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಹೀಗೆಯೇ ಮೂರು ನಾಲ್ಕು ಕೋಟ್ ಹೊಡೆಯಿರಿ. ಬೆಳ್ಳಿ ಬಣ್ಣದಲ್ಲಿ ಲೋಹದ ಸಣ್ಣ ಚಕ್ಕೆಗಳಿರುವುದರಿಂದ ಒಂದೇ ಸಲ ದಪ್ಪಗೆ ಹೊಡೆದರೆ ಅವು ಒಂದೆಡೆ ಸೇರಿ ಕಪ್ಪು ಮೋಡದಂಥ ಕಲೆ ಬೀಳುತ್ತದೆ. ಮೇಲೊಂದು ಹೊಳಪಿಲ್ಲದ ಮ್ಯಾಟ್ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಇದ್ದರೆ ಬೆವರಿದ ಕೈಯ ಉಜ್ಜುವಿಕೆಯನ್ನು ಬಣ್ಣ ತಾಳಿಕೊಳ್ಳುತ್ತದೆ.

ನೀವು ಕರಾವಳಿಯವರಾದ್ದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬಣ್ಣದೊಳಗಿನ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ಅಲ್ಲೇ ಇಬ್ಬನಿಯಂತೆ ಕೂತು ಬಣ್ಣದ ಮೇಲೆ ಹಾಲಿನಂಥ ಬಿಳಿ ಮಸುಕು ಬರುತ್ತದೆ. ಡಿಸೆಂಬರ್, ಜನವರಿಯ ಒಣ ದಿನದಲ್ಲಿ, ಮುಂಜಾವಿನ ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ ಮಾಡಿ. ಕೈಗೆ ಅಂಟುವುದು ಒಂದು ಗಂಟೆಯಲ್ಲಿ ನಿಂತರೂ ಬಣ್ಣ ಒಳಗಿನಿಂದ ಗಟ್ಟಿಯಾಗಲು ದಿನಗಳು ಬೇಕು. ಒಂದು ವಾರ ಕಾದು ಜೋಡಿಸಿ. ಗಾಳಿಯಾಡುವ ಜಾಗದಲ್ಲಿ, ದ್ರಾವಕದ ಆವಿಯನ್ನು ತಡೆಯುವ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿ. ಗಟ್ಟಿಗೊಳಿಸುವ ಹಾರ್ಡನರ್ ಬೆರೆಸುವ ಟೂಕೆ (2K, ಅಂದರೆ ಎರಡು ಭಾಗಗಳ) ಕ್ಲಿಯರ್ ಕೋಟ್‌ನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುವುದರಿಂದ ಅದನ್ನು ಸೂಕ್ತ ಸಲಕರಣೆಯುಳ್ಳ ಪೇಂಟ್ ಬೂತ್‌ಗೇ ಬಿಟ್ಟುಬಿಡಿ.

ಪ್ರಶ್ನೆ: ನನ್ನ ಹಳೆಯ ಕಾರಿನ ಬಾಗಿಲಿನ ಹಿಡಿ ಮತ್ತು ಕಿಟಕಿ ಸ್ವಿಚ್‌ಗಳ ಸುತ್ತಲಿನ ಪಟ್ಟಿ ಬೆಲ್ಲದ ಪಾಕ ಮೆತ್ತಿದಂತೆ ಅಂಟಂಟಾಗಿದೆ. ಅದರ ಮೇಲೆಯೇ ಬಣ್ಣ ಹೊಡೆಯಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ಅದು ಕೊಳೆಯಲ್ಲ. ಮುಟ್ಟಿದರೆ ಮೆತ್ತಗೆನಿಸಲೆಂದು ಕಾರ್ಖಾನೆಯಲ್ಲಿ ಹೊಡೆದ ಪಾಲಿಯುರೆಥೇನ್ ಪದರ ಶಾಖ ಮತ್ತು ತೇವದಿಂದ ಕರಗತೊಡಗಿದೆ. ಅದರ ಮೇಲೆ ಹೊಡೆದ ಬಣ್ಣವೂ ಅದರೊಂದಿಗೇ ಜಾರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹೊದಿಸಿ ಇಟ್ಟರೆ ಪದರ ಸಡಿಲವಾಗುತ್ತದೆ, ಆಮೇಲೆ ಒರೆಸಿ ತೆಗೆಯಿರಿ. ತಾಳ್ಮೆ ಬೇಕು, ಬಟ್ಟೆಯೂ ಸಾಕಷ್ಟು ಬೇಕು. ಬೇಗ ಮುಗಿಯಲೆಂದು ಥಿನ್ನರ್ ಅಥವಾ ನೈಲ್ ಪಾಲಿಶ್ ತೆಗೆಯುವ ದ್ರವವನ್ನು ಬಳಸಿದರೆ ಎಬಿಎಸ್ ಪ್ಲಾಸ್ಟಿಕ್ಕೇ ಕರಗಿ ಹಾಳಾಗುತ್ತದೆ. ಪದರ ಪೂರ್ತಿ ಹೋದ ಮೇಲೆ ಕೆಳಗಿನ ಕಪ್ಪು ಪ್ಲಾಸ್ಟಿಕ್ ಹಲವು ಸಲ ಹಾಗೆಯೇ ನೋಡಲು ಚೆನ್ನಾಗಿರುತ್ತದೆ. ಆಗ ಬಣ್ಣದ ಅಗತ್ಯವೇ ಬೀಳದು.

ಪ್ರಶ್ನೆ: ಡ್ಯಾಶ್‌ಬೋರ್ಡಿನ ಮೇಲ್ಭಾಗವನ್ನೂ ಸ್ಟೀರಿಂಗ್‌ನ ನಡುವಿನ ಹಾರ್ನ್ ಪ್ಯಾಡನ್ನೂ ಹೊಳೆಯುವ ಕೆನೆ ಬಣ್ಣಕ್ಕೆ ಬದಲಾಯಿಸುವ ಆಸೆಯಿದೆ. ನಿಮ್ಮ ಸಲಹೆಯೇನು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಎರಡನ್ನೂ ಕೈಬಿಡಿ ಎಂದೇ ಹೇಳುತ್ತೇನೆ. ಡ್ಯಾಶ್‌ಬೋರ್ಡಿನ ಮೇಲ್ಭಾಗ ತಿಳಿ ಬಣ್ಣದ್ದಾಗಿ ಹೊಳೆಯುತ್ತಿದ್ದರೆ ಅದರ ಪ್ರತಿಬಿಂಬ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ನಿಮ್ಮ ಊರಿನ ಬೇಸಿಗೆಯ ಮಧ್ಯಾಹ್ನದ ಬಿಸಿಲಿನಲ್ಲಿ ಎದುರಿನ ರಸ್ತೆಯೇ ಮಸುಕಾದೀತು. ಅಲ್ಲಿಗೆ ಗಾಢ ಬಣ್ಣ, ಅದೂ ಹೊಳಪಿಲ್ಲದ್ದೇ ಆಗಬೇಕು.

ಹಾರ್ನ್ ಪ್ಯಾಡಿನ ಒಳಗೆ ಏರ್‌ಬ್ಯಾಗ್ ಇದ್ದರೆ ಅದರ ಮುಚ್ಚಳಕ್ಕೆ ಬಣ್ಣ ಬೇಡವೇ ಬೇಡ. ಅಪಘಾತದ ಕ್ಷಣದಲ್ಲಿ ಆ ಮುಚ್ಚಳ ಒಳಬದಿಯ ತೆಳು ಗೆರೆಯ ಗುಂಟ ಸೀಳಿ ತೆರೆದುಕೊಳ್ಳುವಂತೆ ಅಳತೆಯಿಟ್ಟು ಮಾಡಿರುತ್ತಾರೆ; ಮೇಲೆ ಗಡುಸಾದ ಪದರ ಬಂದರೆ ಆ ಸೀಳುವಿಕೆ ಬದಲಾಗಬಹುದು, ಒಡೆದ ಬಣ್ಣದ ಚೂರುಗಳು ನೇರ ಮುಖಕ್ಕೆ ಸಿಡಿಯಬಹುದು. ಎಡಬದಿಯ ಪ್ರಯಾಣಿಕರ ಮುಂದಿನ ಏರ್‌ಬ್ಯಾಗ್ ಮುಚ್ಚಳಕ್ಕೂ ಇದೇ ಮಾತು ಅನ್ವಯಿಸುತ್ತದೆ. ಚಾಲಕನ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಹಾಗಾಗಿ ನಿಮ್ಮ ಹಳೆಯ ಕಾರಿನಲ್ಲಿ ಅದು ಇರಲೂಬಹುದು, ಇಲ್ಲದಿರಲೂಬಹುದು. ಪ್ಯಾಡಿನ ಮೇಲೆ ಏರ್‌ಬ್ಯಾಗ್ ಇದೆಯೆಂದು ಸೂಚಿಸುವ ಎಸ್‌ಆರ್‌ಎಸ್ ಎಂಬ ಅಕ್ಷರಗಳಿವೆಯೇ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ ಅದನ್ನು ಬಿಚ್ಚುವ ಪ್ರಯತ್ನವನ್ನೂ ಮಾಡಬೇಡಿ. ಕೆನೆ ಬಣ್ಣದ ಆಸೆಯನ್ನು ಬಾಗಿಲಿನ ಹಿಡಿಗಳಲ್ಲಿ ಮತ್ತು ಗೇರಿನ ಸುತ್ತಲಿನ ಪಟ್ಟಿಯಲ್ಲಿ ತೀರಿಸಿಕೊಳ್ಳಬಹುದು. ಕುಂದಾಪುರದ ಓದುಗರಿಗೆ ಹೇಳಿದ ಕ್ರಮವೇ ಅದಕ್ಕೂ ಸಾಕು.