ಹೋರಾಟದ ಕಚೇರಿಯಿಂದ ಹಾಲಿನ ಕಂಪನಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪರಿಸರ ಸಂಘಟನೆಗಳಲ್ಲಿ ದುಡಿದವರನ್ನು ಹಾಲು, ಕೋಳಿ, ಪಶು ಆಹಾರದ ಕಂಪನಿಗಳು ಈಗ ಕೆಲಸಕ್ಕೆ ಕರೆಯುತ್ತಿವೆ. ಹೋಗಬೇಕೆ, ಹೋದರೆ ಏನು ಗೊತ್ತಿರಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಕೆರೆ ಮತ್ತು ಅಂತರ್ಜಲದ ಕೆಲಸ ಮಾಡುವ ಸಂಸ್ಥೆಯಲ್ಲಿ ಬಹಳ ವರ್ಷ ಇದ್ದೇನೆ. ಖಾಸಗಿ ಡೇರಿ ಕಂಪನಿಯೊಂದು ‘ಸಸ್ಟೇನಬಿಲಿಟಿ ಮ್ಯಾನೇಜರ್’ ಹುದ್ದೆಗೆ ಕರೆದಿದೆ. ಜೊತೆಗಾರರು ‘ಮಾರಿಕೊಂಡುಬಿಟ್ಟೆಯಾ’ ಅನ್ನುತ್ತಿದ್ದಾರೆ. ಹೋಗಲೇ? – ಓದುಗರು, ಹಾಸನ

ಉತ್ತರ: ನಿಮ್ಮ ಕುರ್ಚಿ ಯಾವ ವಿಭಾಗದಲ್ಲಿದೆ ಎಂಬುದನ್ನು ಮೊದಲು ಕೇಳಿ, ಆಮೇಲೆ ಸಂಬಳ. ಹಾಲಿನ ವ್ಯವಹಾರದಲ್ಲಿ ಹವಾಮಾನಕ್ಕಾಗುವ ಹಾನಿಯ ಬಹುಪಾಲು ಆಗುವುದು ರೈತರ ಕೊಟ್ಟಿಗೆಯಲ್ಲಿ, ಹಾಲು ಊರಿನ ಶೀತಲೀಕರಣ ಕೇಂದ್ರ ಮುಟ್ಟುವ ಮೊದಲೇ. ಆ ಕೊಟ್ಟಿಗೆಯ ಮೇಲೆ ಕಂಪನಿಯಲ್ಲಿ ಯಾರಿಗಾದರೂ ಹಿಡಿತವಿದ್ದರೆ ಅದು ಹಾಲು ಖರೀದಿ ವಿಭಾಗಕ್ಕೆ. ಹಾಲಿನ ಕೊಬ್ಬು ಮತ್ತು ಉಳಿದ ಘನಾಂಶ ನೋಡಿ ಕೊಡುವ ಫ್ಯಾಟ್–ಎಸ್‌ಎನ್‌ಎಫ್ ದರ, ಪಶು ಆಹಾರದ ಸರಬರಾಜು, ಪಶುವೈದ್ಯರ ಭೇಟಿ ಎಲ್ಲ ಅವರ ಕೈಯಲ್ಲಿರುತ್ತದೆ. ನಿಮ್ಮ ಹುದ್ದೆ ಖರೀದಿ ವಿಭಾಗದ ಮುಖ್ಯಸ್ಥರ ಕೆಳಗಿದ್ದರೆ ಕೆಲಸವಿದೆ ಎಂದರ್ಥ. ಪ್ರಚಾರ ವಿಭಾಗದ ಅಥವಾ ಸಿಎಸ್‌ಆರ್ (ಕಂಪನಿಯ ಸಮಾಜಸೇವೆ) ವಿಭಾಗದ ಕೆಳಗಿದ್ದರೆ ವರ್ಷಕ್ಕೊಂದು ಬಣ್ಣದ ವರದಿ ಬರೆಸಿ ಕೂರಿಸುತ್ತಾರೆ.

ಸಂದರ್ಶನಕ್ಕೆ ಮುಂಚೆ, ಕಂಪನಿ ಷೇರುಪೇಟೆಯಲ್ಲಿದ್ದರೆ, ಅದರ ಬಿಆರ್‌ಎಸ್‌ಆರ್ ವರದಿ, ಅಂದರೆ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ, ಓದಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳಿಗೆ ಷೇರುಪೇಟೆ ನಿಯಂತ್ರಕ ಸೆಬಿ ಇದನ್ನು 2022–23ರಿಂದ ಕಡ್ಡಾಯ ಮಾಡಿದೆ. ಪರಿಸರದ ಲೆಕ್ಕ ಇರುವುದು ವರದಿಯ ‘6ನೇ ತತ್ವ’ ಎಂಬ ಭಾಗದಲ್ಲಿ. ಒಂದು ಸೂಕ್ಷ್ಮ ಗಮನಿಸಿ: ಕಂಪನಿಯ ಬಾಯ್ಲರ್, ಜನರೇಟರ್, ಕರೆಂಟಿನ ಲೆಕ್ಕ, ಅಂದರೆ ಸ್ಕೋಪ್ 1 ಮತ್ತು 2, ಅಗತ್ಯ ಸೂಚಕಗಳಲ್ಲಿ ಬರುತ್ತದೆ. ಹಸು ಬಿಡುವ ಮೀಥೇನ್ ಅನಿಲದ ಲೆಕ್ಕ ಬೀಳುವುದು ಸ್ಕೋಪ್ 3ರಲ್ಲಿ, ಅಂದರೆ ಕಂಪನಿಗೆ ಸರಕು ಕೊಡುವವರ ಕಡೆಯ ಲೆಕ್ಕದಲ್ಲಿ. ಅದನ್ನು ಇಟ್ಟಿರುವುದು ಸ್ವಇಚ್ಛೆಯ ಸೂಚಕಗಳಲ್ಲಿ. ಹಾಗಾಗಿ ಹಾಲಿನ ಕಂಪನಿಯೊಂದು ಹಸುವಿನ ಹೆಸರೇ ಎತ್ತದೆ ನೂರು ಪುಟದ ಪರಿಸರ ವರದಿ ಕೊಡಬಹುದು. ಕಾನೂನಿನ ಪ್ರಕಾರ ತಪ್ಪೇನೂ ಇಲ್ಲ.

ಸಂದರ್ಶನದಲ್ಲಿ ಸ್ಕೋಪ್ 3ರ ಎಕ್ಸೆಲ್ ಹಾಳೆ ಇದೆಯೇ, ಸೇರುವ ಮುನ್ನ ನೋಡಬಹುದೇ ಎಂದು ಕೇಳಿ. ಹಳ್ಳಿಗೆ ಹೋಗುವ ಸಿಬ್ಬಂದಿಗೆ ನಿಮ್ಮ ಬಜೆಟ್‌ನಲ್ಲಿ ಸಾಲು ಇದೆಯೇ ಕೇಳಿ. ಗುರಿ ಇಟ್ಟಿರುವುದು ಲೀಟರ್ ಲೆಕ್ಕದಲ್ಲೋ ಒಟ್ಟು ಪ್ರಮಾಣದಲ್ಲೋ ಎಂಬುದನ್ನಂತೂ ಬಿಡಬೇಡಿ. ಯಾಕೆಂಬುದು ಮುಂದಿನ ಉತ್ತರದಲ್ಲಿದೆ. ಮೂರಕ್ಕೂ ‘ನೀವು ಬಂದ ಮೇಲೆ ನೋಡೋಣ’ ಎಂಬ ಮಾತೇ ಬಂದರೆ ಇದ್ದಲ್ಲೇ ಇರುವುದು ಲೇಸು.

ಜೊತೆಗಾರರ ಮಾತಿಗೆ ಉತ್ತರ ಹುಡುಕುತ್ತ ಕೂರಬೇಡಿ. ಆದರೆ ಅವರ ಸಂಪರ್ಕ ಬಿಡಬೇಡಿ. ಕಂಪನಿಯೊಳಗೆ ನಿಮ್ಮ ಲೆಕ್ಕವನ್ನು ಅವರಷ್ಟು ಕಟುವಾಗಿ ತಿದ್ದುವವರು ಸಿಗುವುದಿಲ್ಲ.

ಪ್ರಶ್ನೆ: ನಾನು ಓದಿದ್ದು ಸಮಾಜಕಾರ್ಯ. ಪಶು ಆಹಾರದ ಕಂಪನಿ ಸೇರುವ ಮುನ್ನ ಮೂರು ತಿಂಗಳು ಸಮಯವಿದೆ. ಏನು ಕಲಿಯಲಿ? ಎಂಬಿಎ ಬೇಕೆ? – ಓದುಗರು, ಬೆಂಗಳೂರು

ಉತ್ತರ: ಎಂಬಿಎ ಬೇಡ. ಒಂದು ಹಸುವಿನ ಮೀಥೇನ್ ಲೆಕ್ಕವನ್ನು ಕಾಗದದ ಮೇಲೆ ಕೈಯಲ್ಲೇ ಮಾಡುವುದು ಕಲಿಯಿರಿ. ಸಾಫ್ಟ್‌ವೇರ್ ಆಮೇಲೆ ಇದ್ದೇ ಇದೆ.

ಹಸುವಿನ ಮೀಥೇನ್ ಹೆಚ್ಚಾಗಿ ಹೊರಬರುವುದು ತೇಗಿನಲ್ಲಿ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿಯ ಸರಳ ವಿಧಾನದಲ್ಲಿ ಭಾರತ ಉಪಖಂಡದ ಹಾಲು ಕರೆಯುವ ಹಸುವಿಗೆ ವರ್ಷಕ್ಕೆ 58 ಕೆಜಿ, ಎಮ್ಮೆಗೆ 55 ಕೆಜಿ, ಉಳಿದ ದನಕ್ಕೆ 27 ಕೆಜಿ ಎಂದು ಹಿಡಿಯುತ್ತಾರೆ. ಇದು ದೇಶದ ಲೆಕ್ಕಕ್ಕೆ ಸಾಕು, ಕಂಪನಿಯ ಲೆಕ್ಕಕ್ಕೆ ಸಾಲದು. ಎಲ್ಲ ಹಸುವಿಗೂ 58 ಎಂದೇ ಬರೆದರೆ ನೀವು ಮೇವು ಬದಲಿಸಿದರೂ ಲೆಕ್ಕ ಅಲುಗಾಡುವುದಿಲ್ಲ.

ಅದೇ ಮಾರ್ಗಸೂಚಿಯ ಎರಡನೇ ವಿಧಾನ ತಿಂದ ಮೇವಿನಿಂದ ಲೆಕ್ಕ ಹಾಕುತ್ತದೆ, ಹೀಗೆ. ಹಸು ದಿನಕ್ಕೆ 20 ಕೆಜಿ ಹಸಿಮೇವು, 4 ಕೆಜಿ ರಾಗಿ ಹುಲ್ಲು, 5 ಕೆಜಿ ಪಶು ಆಹಾರ ತಿನ್ನುತ್ತದೆ ಎನ್ನಿ. ಹಸಿಮೇವಿನಲ್ಲಿ ನೀರು ಕಳೆದು ಉಳಿಯುವುದು ಸುಮಾರು ಶೇ 20, ಒಣಹುಲ್ಲು ಮತ್ತು ಪಶು ಆಹಾರದಲ್ಲಿ ಸುಮಾರು ಶೇ 90. ಒಟ್ಟು ಒಣತೂಕ 12 ಕೆಜಿ ಆಯಿತು. ಕೆಜಿಗೆ 18.45 ಮೆಗಾಜೂಲ್‌ನಂತೆ 221 ಮೆಗಾಜೂಲ್. ಅದರಲ್ಲಿ ಶೇ 6.5 ಮೀಥೇನ್ ಆಗಿ ಹೋಗುತ್ತದೆ: 14.4 ಮೆಗಾಜೂಲ್. ಒಂದು ಕೆಜಿ ಮೀಥೇನ್‌ನಲ್ಲಿರುವ ಶಕ್ತಿ 55.65 ಮೆಗಾಜೂಲ್. ಭಾಗಿಸಿದರೆ ದಿನಕ್ಕೆ 0.26 ಕೆಜಿ, ವರ್ಷಕ್ಕೆ ಸುಮಾರು 94 ಕೆಜಿ. ನೂರು ವರ್ಷದಲ್ಲಿ ಎಷ್ಟು ಬಿಸಿ ಮಾಡುತ್ತದೆ ಎಂಬ ಅಳತೆಯಲ್ಲಿ 27ರಿಂದ ಗುಣಿಸಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಮಾಡಿದರೆ ಎರಡೂವರೆ ಟನ್. ಇಪ್ಪತ್ತು ವರ್ಷದ ಅಳತೆಯಲ್ಲಿ ಗುಣಕ ಸುಮಾರು 80. ಕಂಪನಿ ಯಾವುದನ್ನು ಹಿಡಿದಿದೆ ಎಂದು ವರದಿಯ ಅಡಿಟಿಪ್ಪಣಿಯಲ್ಲಿ ಹುಡುಕಿ.

ಈ ಹಸು ದಿನಕ್ಕೆ 10 ಲೀಟರ್‌ನಂತೆ 300 ದಿನ ಹಾಲು ಕೊಟ್ಟರೆ 3,000 ಲೀಟರ್. ತೇಗಿನ ಪಾಲು, ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ, ಲೀಟರ್‌ಗೆ 0.85 ಕೆಜಿ. ಇನ್ನೊಂದು ಹಸು ದಿನಕ್ಕೆ 9 ಕೆಜಿ ಒಣತೂಕ ತಿಂದು ಅಷ್ಟೇ ದಿನ 4 ಲೀಟರ್‌ನಂತೆ ಕೊಡುತ್ತದೆ ಎನ್ನಿ. ಅದರ ಮೀಥೇನ್ ವರ್ಷಕ್ಕೆ 71 ಕೆಜಿ, ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಲೀಟರ್‌ಗೆ 1.6 ಕೆಜಿ. ಕಂಪನಿ ಎರಡನೇ ಥರದ ಹತ್ತು ಹಸುಗಳ ಜಾಗಕ್ಕೆ ಮೊದಲ ಥರದ ಹತ್ತು ಹಸು ತಂದರೆ ಲೀಟರ್ ಲೆಕ್ಕ ಅರ್ಧಕ್ಕಿಳಿಯುತ್ತದೆ, ಪ್ರಶಸ್ತಿಯೂ ಬರಬಹುದು. ಗಾಳಿಗೆ ಹೋಗುವ ಮೀಥೇನ್ ಮಾತ್ರ ಮೂರನೇ ಒಂದರಷ್ಟು ಹೆಚ್ಚಾಗಿರುತ್ತದೆ. ಅಷ್ಟೇ ಹಾಲಿಗೆ ನಾಲ್ಕೇ ಹಸು ಸಾಕಿತ್ತು. ಆದರೆ ಹಾಲು ಹೆಚ್ಚಲಿ ಎಂದೇ ಕಂಪನಿ ಇರುವುದು. ಲೀಟರ್ ಗುರಿಯ ಜೊತೆಗೆ ಒಟ್ಟು ಪ್ರಮಾಣವನ್ನೂ ಪ್ರಕಟಿಸಿ ಎಂದು ಹಟ ಹಿಡಿಯುವುದು ನಿಮ್ಮ ಕೆಲಸದ ತಿರುಳು ಎಂದು ನಾವು ಎಣಿಸುತ್ತೇವೆ. ಕಂಪನಿಗಳ ಹವಾಮಾನ ಗುರಿಗಳಿಗೆ ಮಾನ್ಯತೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಎಸ್‌ಬಿಟಿಐನ ಕೃಷಿ–ಅರಣ್ಯ ಮಾರ್ಗಸೂಚಿಯೂ ಹಾಲಿಗೆ ಲೀಟರ್ ಥರದ ಗುರಿಯನ್ನು ಒಪ್ಪುತ್ತದೆ. ‘ನಮ್ಮ ಗುರಿಗೆ ಮಾನ್ಯತೆ ಇದೆ’ ಎಂಬ ಮಾತಿಗೆ ಅಲ್ಲೇ ಸುಮ್ಮನಾಗಬೇಡಿ.

ಹಾಲು ಬತ್ತಿದ ಹಸು, ಪಡ್ಡೆ, ಗಂಡುಕರು ಎಲ್ಲಿ ಹೋದವು ಎಂದೂ ಕೇಳಿ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಗೋಹತ್ಯೆ ತಡೆ ಕಾಯ್ದೆಯ ನಂತರ ಗೊಡ್ಡು ಹಸುವನ್ನು ದಾಟಿಸುವುದು ರೈತರಿಗೆ ಕಷ್ಟವಾಗಿದೆ. ಕಂಪನಿಯ ಲೆಕ್ಕದಲ್ಲಿ ಅದು ಇಲ್ಲದಿದ್ದರೂ ಅದು ಮೇಯುತ್ತಲೂ ತೇಗುತ್ತಲೂ ಇರುತ್ತದೆ.

ಲೆಕ್ಕ ಕೆಡುವುದು ಬಹುತೇಕ ಮಾಹಿತಿ ಸಂಗ್ರಹದಲ್ಲಿ. ಡೇರಿಗೆ ಹಾಕಿದ ಹಾಲನ್ನೇ ಹಸುವಿನ ಇಳುವರಿ ಎಂದು ಬರೆಯುತ್ತಾರೆ. ಮನೆಗೆ ಉಳಿಸಿದ್ದು, ಕರು ಕುಡಿದದ್ದು ಬಿಟ್ಟುಹೋಗುತ್ತದೆ. ಮುಂಗಾರಿನಲ್ಲಿ ಒಮ್ಮೆ ಸಮೀಕ್ಷೆ ಮಾಡಿ ಅದೇ ಮೇವನ್ನು ಬೇಸಿಗೆಗೂ ಹಚ್ಚುತ್ತಾರೆ. ವರ್ಷಕ್ಕೆ ಮೂರು ಸಲವಾದರೂ ಹೋಗಬೇಕು, ತಕ್ಕಡಿ ಹಿಡಿದು ಹೋಗಬೇಕು. ‘ಒಂದು ಹೊರೆ’ ಒಂದೊಂದು ಮನೆಯಲ್ಲಿ ಒಂದೊಂದು ತೂಕ. ಹಸುವಿನ ತೂಕಕ್ಕೆ ಟೇಪು ಸಾಕು: ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ಅಳೆದು ಅದರಿಂದಲೇ ಗುಣಿಸಿ, ಮತ್ತೆ ಭುಜದಿಂದ ಪಿರ್ರೆಯವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. 66 ಅಂಗುಲ ಸುತ್ತಳತೆ, 54 ಅಂಗುಲ ಉದ್ದವಿದ್ದರೆ ಸುಮಾರು 356 ಕೆಜಿ. ಈ ತೂಕದ ಶೇ 2.5ರಿಂದ 3.5ರ ಆಚೀಚೆ ಒಣತೂಕ ಬಂದಿದ್ದರೆ ಸಮೀಕ್ಷೆಯನ್ನು ನಂಬಬಹುದು. ಶೇ 5 ಬಂದರೆ ಯಾರೋ ಕಚೇರಿಯಲ್ಲಿ ಕೂತು ತುಂಬಿದ್ದಾರೆ.

ಇನ್ನೊಂದು: ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆ ಇದೆ. ತೇಗಿನ ಮೀಥೇನನ್ನು ಶೇ 17ರಿಂದ 20ರಷ್ಟು ತಗ್ಗಿಸುತ್ತದೆ ಎನ್ನುವ, ಟ್ಯಾನಿನ್ ಇರುವ ಗಿಡಗಳಿಂದ ಮಾಡಿದ ‘ಹರಿತ್ ಧಾರಾ’ ಎಂಬ ಮೇವಿಗೆ ಬೆರೆಸುವ ಪುಡಿ ಅಲ್ಲಿನದು. ಇಂಥ ಯಾವುದೇ ಪುಡಿಯ ತೊಡಕು ಒಂದೇ: ತೇಗು ಕಡಿಮೆಯಾದದ್ದು ರೈತರಿಗೆ ಕಾಣುವುದಿಲ್ಲ, ಹಾಲಿನ ಚೀಟಿಯಲ್ಲಿ ಹಣವೂ ಹೆಚ್ಚುವುದಿಲ್ಲ. ಅದರ ದುಡ್ಡನ್ನು ಕಂಪನಿ ಕೊಡದಿದ್ದರೆ ಚೀಲ ಮೂಲೆ ಸೇರುತ್ತದೆ. ಖನಿಜ ಮಿಶ್ರಣ ಮತ್ತು ಮೇವಿನ ಸಮತೋಲನ ಹಾಗಲ್ಲ. ಹಸು ಹೊತ್ತಿಗೆ ಸರಿಯಾಗಿ ಬೆದೆಗೆ ಬಂದರೆ ರೈತರು ತಾವೇ ಮುಂದುವರಿಸುತ್ತಾರೆ. ಕೆಲಸ ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ಹಸಿರು ನ್ಯಾಯಮಂಡಳಿಯಲ್ಲಿ ನಮ್ಮ ಸಂಸ್ಥೆಯ ಅರ್ಜಿಗೆ ನಾನೂ ಅರ್ಜಿದಾರ. ಈಗ ಅದೇ ಉದ್ಯಮದ ಇನ್ನೊಂದು ಕಂಪನಿಗೆ ಸೇರುತ್ತಿದ್ದೇನೆ. ಏನು ಮಾಡಲಿ? – ಓದುಗರು, ಧಾರವಾಡ

ಉತ್ತರ: ಸೇರುವ ಮೊದಲು ಎರಡೂ ಕಡೆಗೆ ಬರಹದಲ್ಲಿ ತಿಳಿಸಿ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಮನಸ್ಸು ಬಂದಾಗ ಹಿಂಪಡೆಯುವ ಹಕ್ಕು ಅರ್ಜಿದಾರರಿಗಿಲ್ಲ ಎಂದು ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ನಿಮ್ಮ ಜಾಗಕ್ಕೆ ಬೇರೆಯವರನ್ನು ಸೇರಿಸಲು ವಕೀಲರ ಮೂಲಕ ಮನವಿ ಕೊಡುವುದೇ ದಾರಿ. ಸಂಸ್ಥೆಯ ಕಡತ, ನೀರಿನ ಮಾದರಿಯ ವರದಿ, ದೂರು ಕೊಟ್ಟ ಹಳ್ಳಿಯವರ ಹೆಸರು ಇವು ಯಾವುವೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿಯಬಾರದು.

ಕಂಪನಿಯ ನೇಮಕ ಪತ್ರದಲ್ಲಿ ಗೋಪ್ಯತೆಯ ಷರತ್ತು ಇದ್ದೇ ಇರುತ್ತದೆ. ಅದರಲ್ಲಿ ‘ಕಾನೂನಿನಂತೆ ಅಧಿಕಾರಿಗಳಿಗೆ ಅಥವಾ ನ್ಯಾಯಾಲಯಕ್ಕೆ ಕೊಡಬೇಕಾದ ಮಾಹಿತಿಗೆ ಇದು ಅನ್ವಯಿಸುವುದಿಲ್ಲ’ ಎಂಬ ಒಂದು ವಾಕ್ಯ ಸೇರಿಸಿ ಎಂದು ಕೇಳಿ. ಕೆಲಸ ಬಿಟ್ಟ ಮೇಲೆ ಇಂಥ ಕಡೆ ದುಡಿಯಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಮತ್ತೆ ಹೋರಾಟಕ್ಕೆ ಮರಳುವ ಬಾಗಿಲು ಮುಚ್ಚುವುದಿಲ್ಲ. ಕಂಪನಿಯ ಗುಟ್ಟು ಮಾತ್ರ ಹೊರಗೆ ತರುವಂತಿಲ್ಲ.

ಪ್ರಶ್ನೆ: ನಾನು ಸೇರಿದ ಕಂಪನಿ ಹಾಲು ಹಾಕುವವರಿಗೆ ಬಯೋಗ್ಯಾಸ್ ಹಂಚಿದೆ. ಅರ್ಧಕ್ಕರ್ಧ ನಿಂತಿವೆ. ‘ಮೀಥೇನ್ ಕಡಿತ’ ಎಂದು ವರದಿಯಲ್ಲಿ ಬರೆಯಲು ಹೇಳುತ್ತಿದ್ದಾರೆ. – ಓದುಗರು, ತುಮಕೂರು

ಉತ್ತರ: ಎರಡು ವಿಷಯ ಬೆರೆತಿವೆ. ಬಯೋಗ್ಯಾಸ್ ಹಸುವಿನ ತೇಗನ್ನು ಮುಟ್ಟುವುದಿಲ್ಲ, ಸಗಣಿಯ ಮೀಥೇನನ್ನಷ್ಟೇ ಹಿಡಿಯುತ್ತದೆ. ನಮ್ಮಲ್ಲಿ ಸಗಣಿ ತಿಪ್ಪೆಯಲ್ಲಿ ಒಣಗುವುದರಿಂದ ಅದರ ಮೀಥೇನ್ ಹೇಗೂ ಕಡಿಮೆ. ಐಪಿಸಿಸಿಯ 2006ರ ಪಟ್ಟಿಯಲ್ಲಿ ತೇಗಿಗೆ 58 ಕೆಜಿ ಇದ್ದರೆ ಸಗಣಿಗೆ ಐದಾರು ಕೆಜಿ ಅಷ್ಟೇ. ಗುಂಡಿಯಲ್ಲಿ ಅಥವಾ ಪೈಪಿನಲ್ಲಿ ಸೋರಿಕೆಯಿದ್ದರೆ ತಿಪ್ಪೆಯಲ್ಲಿ ಬಿಟ್ಟದ್ದಕ್ಕಿಂತ ಹೆಚ್ಚೇ ಹೊರಹೋದೀತು. ಉಳಿತಾಯ ನಿಜವಾಗಿ ಇರುವುದು ಸೌದೆ ಮತ್ತು ಸಿಲಿಂಡರಿನಲ್ಲಿ. ವರದಿಯಲ್ಲಿ ಅದನ್ನೇ ಬರೆಯಿರಿ, ಅದೂ ನಡೆಯುತ್ತಿರುವ ಘಟಕಗಳನ್ನು ಮಾತ್ರ ಎಣಿಸಿ.

ನಿಂತದ್ದೇಕೆ? 2 ಘನ ಮೀಟರ್ ಘಟಕಕ್ಕೆ ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಅಂದರೆ ಕೊಟ್ಟಿಗೆಯಲ್ಲೇ ಕಟ್ಟುವ ಮೂರು–ನಾಲ್ಕು ದೊಡ್ಡ ಹಸು. ಎರಡು ಹಸುವಿನ ಮನೆಗೆ ಕೊಟ್ಟಿದ್ದರೆ ಮೊದಲ ದಿನವೇ ಅದು ಸೋತಿತ್ತು. ಕೊಟ್ಟಿಗೆ ತೊಳೆದ ನೀರೆಲ್ಲ ಗುಂಡಿಗೆ ಹರಿದರೆ ಸಗಣಿ ಕೊಳೆಯುವ ಮೊದಲೇ ಹೊರಬೀಳುತ್ತದೆ. ಹುಲ್ಲಿನ ಚೂರು ಮೇಲೆ ಕೆನೆಗಟ್ಟಿ ಗ್ಯಾಸ್ ತಡೆಯುತ್ತದೆ. ಪೈಪಿನ ತಗ್ಗಿನಲ್ಲಿ ನೀರು ನಿಂತು ಒಲೆ ಬಿಕ್ಕುತ್ತದೆ. ಅಲ್ಲಿ ನೀರು ಬಸಿಯುವ ನಲ್ಲಿ ಇರಬೇಕು. ಹೊಸ ಗುಂಡಿಯ ಮೊದಲ ಗ್ಯಾಸ್ ಉರಿಯದಿದ್ದರೆ ಕೆಟ್ಟಿದೆ ಎಂದುಕೊಂಡು ಬಿಟ್ಟವರೂ ಇದ್ದಾರೆ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿರುತ್ತದೆ, ಹೊರಬಿಟ್ಟು ಕಾಯಬೇಕು. ರಿಪೇರಿಗೆ ಒಬ್ಬ ಆಳನ್ನು ತಾಲ್ಲೂಕಿನಲ್ಲೇ ಇಡಿಸಿ, ಹೊಸದನ್ನು ಹಂಚುವುದು ಆಮೇಲೆ.

ಪ್ರಶ್ನೆ: ಕೋಳಿ ಕಂಪನಿಯ ಕೆಲಸ ಹಸುವಿನದಕ್ಕಿಂತ ಸುಲಭವೇ? – ಓದುಗರು, ದಾವಣಗೆರೆ

ಉತ್ತರ: ಲೆಕ್ಕ ಸುಲಭ, ಮನಸ್ಸಿಗೆ ಕಷ್ಟ. ಕೋಳಿ ಮೆಲುಕು ಹಾಕುವುದಿಲ್ಲ. ಅದರ ಹೊರೆ ಹೆಚ್ಚಾಗಿ ಮೆಕ್ಕೆಜೋಳ ಮತ್ತು ಸೋಯಾದಲ್ಲಿದೆ. ಹಾಗಾಗಿ ಕಂಪನಿ ‘ಕಡಿಮೆ ಕಾರ್ಬನ್ ಮಾಂಸ’ ಎನ್ನುವುದು ಸುಳ್ಳಲ್ಲ. ಆದರೆ ಆ ಕಡಿಮೆ ಬರುವುದೇ ಆರು ವಾರದಲ್ಲಿ ಎರಡು ಕೆಜಿ ದಾಟುವ ತಳಿಯಿಂದ, ಒಂದು ಹಕ್ಕಿಗೆ ಒಂದು ಚದರಡಿ ಜಾಗದಿಂದ. ಕಾರ್ಬನ್ ಮತ್ತು ಹಕ್ಕಿಯ ಸುಖ ಇಲ್ಲಿ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಇದನ್ನು ಒಪ್ಪಿಕೊಂಡೇ ಒಳಗೆ ಹೋಗಿ.

ಮೊದಲು ಔಷಧದ ರಿಜಿಸ್ಟರ್ ನೋಡಿ. ಮನುಷ್ಯರಿಗೆ ಕೊನೆಯ ಆಸರೆಯಾಗಿರುವ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅನ್ನು ಆಹಾರದ ಪ್ರಾಣಿಗಳಿಗೆಂದು ತಯಾರಿಸಿ ಮಾರುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆ. ಕಾಯಿಲೆಗೆ ಕೊಟ್ಟದ್ದು ಯಾವುದು, ಬೆಳವಣಿಗೆಗೆಂದು ಆಹಾರದಲ್ಲೇ ಬೆರೆಸಿದ್ದು ಯಾವುದು ಎಂದು ಬೇರೆ ಮಾಡಿಸಿ. ಮಾರುವ ಮುನ್ನ ಕಾಯಬೇಕಾದ ದಿನ ಬಿಟ್ಟಿದ್ದಾರೆಯೇ ಎಂದು ಬ್ಯಾಚ್‌ವಾರು ತಾಳೆ ನೋಡಿ.

ಆಮೇಲೆ ಶೆಡ್ಡಿನ ನೆಲ. ನೆಲಕ್ಕೆ ಹಾಸಿದ ಹೊಟ್ಟಿನ ತೇವ ಶೇ 30 ದಾಟಿದರೆ ಅಮೋನಿಯಾ ಕಣ್ಣು ಉರಿಸುತ್ತದೆ, ನೊಣ ಏಳುತ್ತದೆ, ಊರಿನವರ ದೂರು ಶುರುವಾಗುತ್ತದೆ. ಕಾರಣ ಬಹುತೇಕ ಕೋಳಿ ನೀರು ಕುಡಿಯುವ ಪೈಪಿನ ಸೋರುವ ನಿಪ್ಪಲ್. ಹಿಡಿಯಲ್ಲಿ ಹೊಟ್ಟು ಹಿಂಡಿದರೆ ಉಂಡೆಯಾಗಿಯೇ ಉಳಿಯುತ್ತಿದ್ದರೆ ತೇವ ಹೆಚ್ಚು. ಬಿಟ್ಟ ಕೂಡಲೇ ಉದುರಬೇಕು. ಗುತ್ತಿಗೆ ಸಾಕಣೆಯಲ್ಲಿ ಮರಿ, ಆಹಾರ, ಔಷಧ ಕಂಪನಿಯದು. ಶೆಡ್ಡು, ಹೊಟ್ಟು, ಕರೆಂಟು, ಗೊಬ್ಬರ ರೈತರದು. ನೊಣದ ದೂರು ಬಂದಾಗ ‘ಶೆಡ್ಡು ನಮ್ಮದಲ್ಲ’ ಎಂದು ಕಂಪನಿ ಕೈತೊಳೆದುಕೊಳ್ಳಲು ಈ ಹಂಚಿಕೆಯೇ ನೆಪ. ನಿಪ್ಪಲ್ ಬದಲಿಸುವ ಖರ್ಚನ್ನು ಸಾಕಣೆ ಕರಾರಿನಲ್ಲಿ ಕಂಪನಿಯ ಪಾಲಿಗೆ ಬರೆಸಿ.

ಪ್ರಶ್ನೆ: ಪ್ಯಾಕೆಟ್ ಮೇಲೆ ‘ಕಾರ್ಬನ್ ನ್ಯೂಟ್ರಲ್ ಹಾಲು’ ಎಂದು ಹಾಕಲು ನನ್ನ ಸಹಿ ಕೇಳುತ್ತಿದ್ದಾರೆ. – ಓದುಗರು, ಮೈಸೂರು

ಉತ್ತರ: ಹಾಕಬೇಡಿ. ಜಾಹೀರಾತು ಮಂಡಳಿಯ ಹಸಿರು ಹೇಳಿಕೆಗಳ ನಿಯಮ 2024ರ ಫೆಬ್ರುವರಿಯಿಂದ ಇದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ಮಾರ್ಗಸೂಚಿ ಹೊರಡಿಸಿದೆ. ಇಂಥ ಹೇಳಿಕೆಗೆ ಪರಿಶೀಲಿಸಬಹುದಾದ ಪುರಾವೆ ಬೇಕು. ಸಹಿಯ ಬದಲು ಒಂದು ಪುಟದ ಟಿಪ್ಪಣಿ ಕೊಡಿ: ಲೆಕ್ಕ ಎಲ್ಲಿಂದ ಎಲ್ಲಿವರೆಗೆ, ಎಷ್ಟು ಕೊಟ್ಟಿಗೆಗಳ ಮಾಹಿತಿ, ಬತ್ತಿದ ಹಸು ಸೇರಿದೆಯೇ, ಸರಿದೂಗಿಸಲು ಕೊಂಡ ಕಾರ್ಬನ್ ಕ್ರೆಡಿಟ್ ಯಾವ ಯೋಜನೆಯದು. ಅದನ್ನು ಕಾನೂನು ವಿಭಾಗಕ್ಕೆ ಇಮೇಲ್ ಮಾಡಿ, ಪ್ರತಿ ನಿಮ್ಮ ಮೇಲಧಿಕಾರಿಗೆ. ಸಾಮಾನ್ಯವಾಗಿ ಲೇಬಲ್ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೂ ಸಹಿ ಬೇರೆ ಯಾರದೋ ಆಗಿರುತ್ತದೆ, ನಿಮ್ಮ ಆಕ್ಷೇಪ ದಾಖಲೆಯಲ್ಲಿರುತ್ತದೆ.